ಖಾಲಿ ಕೂತ ಕಂಪ್ಯೂಟರಿಗೆ ಮುಯ್ಯಾಳು ಕೆಲಸ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗ ಬೆಂಗಳೂರಿಗೆ ಹೋದ ಮೇಲೆ ಅವನ ಕಂಪ್ಯೂಟರು ಮನೆಯಲ್ಲೇ ಉಳಿದಿದೆ. ತೋಟದ ಲೆಕ್ಕ ಬರೆಯುವುದು, ಯೂಟ್ಯೂಬ್ ನೋಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅದನ್ನು ಕ್ಯಾನ್ಸರ್, ಮರೆವಿನ ಕಾಯಿಲೆಗಳ ಸಂಶೋಧನೆಗೆ ಮನೆಯಿಂದಲೇ ಕೊಡಬಹುದು ಎಂದು ಮಗ ಹೇಳುತ್ತಾನೆ. ನಿಜವಾ? ನಮ್ಮ ಕಂಪ್ಯೂಟರು ಅಲ್ಲಿ ಏನು ಮಾಡುತ್ತದೆ?

ಉತ್ತರ: ನಿಜ. ನಿಮಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ನಿಮ್ಮ ಮನೆಯಲ್ಲಿ ಅಡಿಕೆ ಸುಲಿದಿರುತ್ತೀರಿ. ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಒಬ್ಬರೇ ಕೂತರೆ ಮುಗಿಯುವುದಿಲ್ಲ. ಅಕ್ಕಪಕ್ಕದವರು ಮುಯ್ಯಾಳು ಬರುತ್ತಾರೆ. ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ, ಒಂದೊಂದು ಬುಟ್ಟಿ. ಸುಲಿದದ್ದು ಕೊಟ್ಟು ಇನ್ನೊಂದು ಬುಟ್ಟಿ ತರುವುದು. ಇಲ್ಲಿಯೂ ಅಷ್ಟೇ. ವಿಜ್ಞಾನಿಗಳ ಹತ್ತಿರ ಲೆಕ್ಕದ ರಾಶಿ ಇರುತ್ತದೆ. ಇಂಟರ್ನೆಟ್ಟಿನಲ್ಲಿ ನಿಮ್ಮ ಕಂಪ್ಯೂಟರಿಗೆ ಒಂದು ಬುಟ್ಟಿ ಬರುತ್ತದೆ, ಕೆಲಸ ಮುಗಿದ ಮೇಲೆ ಉತ್ತರ ವಾಪಸ್ ಹೋಗುತ್ತದೆ. ನೀವು ಕೂತು ನೋಡಬೇಕಾಗಿಲ್ಲ.

ಆ ಲೆಕ್ಕ ಯಾವುದು? ಹೆಚ್ಚಿನದು ಪ್ರೋಟೀನಿನದು. ನಮ್ಮ ಮೈಯಲ್ಲಿ ಪ್ರೋಟೀನು ಮೊದಲು ಉದ್ದನೆಯ ಸರವಾಗಿ ಹುಟ್ಟುತ್ತದೆ. ಆಮೇಲೆ ತಾನೇ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಹಾಳೆಯನ್ನು ಮಡಚಿದ ಮೇಲೆ ಅದು ಟೋಪಿಯಾಗುತ್ತದಲ್ಲ, ಹಾಗೆ. ಮಡಿಕೆ ತಪ್ಪಿದರೆ ಕೆಲಸವೂ ತಪ್ಪುತ್ತದೆ. ಆಲ್‌ಝೈಮರ್, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಹೀಗೆ ತಪ್ಪಾಗಿ ಮಡಚಿದ ಪ್ರೋಟೀನು ಮಿದುಳಿನಲ್ಲಿ ಗಂಟು ಕಟ್ಟುತ್ತದೆ.

ಈ ಮಡಚುವಿಕೆಯನ್ನು ಕಂಪ್ಯೂಟರಿನಲ್ಲಿ ನೋಡಬೇಕಾದರೆ ಒಂದೊಂದು ಪರಮಾಣುವೂ ಎತ್ತ ಸರಿಯುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಬೇಕು. ಒಂದು ಹೆಜ್ಜೆ ಎಂದರೆ ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಎರಡು ಪಾಲು. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ನೋಡಬೇಕೆಂದರೂ 50,000 ಕೋಟಿ ಹೆಜ್ಜೆ. ಒಂದು ಯಂತ್ರದ ಕೈಯಲ್ಲಿ ಆಗುವ ಮಾತಲ್ಲ.

2000ನೇ ಇಸವಿಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಿಜಯ್ ಪಾಂಡೆ ಅವರ ತಂಡ ಇದಕ್ಕೆಂದೇ ಫೋಲ್ಡಿಂಗ್ ಅಟ್ ಹೋಮ್ ಎಂಬ ಯೋಜನೆ ಶುರು ಮಾಡಿತು. 2020ರ ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಜನ ಎಷ್ಟು ಸೇರಿದರೆಂದರೆ, ಸೆಕೆಂಡಿಗೆ 10 ಲಕ್ಷ ಲಕ್ಷ ಕೋಟಿ ಲೆಕ್ಕದ ಗಡಿಯನ್ನು ಮೊದಲು ದಾಟಿದ್ದು ಸೂಪರ್ ಕಂಪ್ಯೂಟರ್ ಅಲ್ಲ, ಈ ಮನೆ ಕಂಪ್ಯೂಟರುಗಳ ಗುಂಪು. ಆಗ ಕೆಲವು ದಿನ ಸುಲಿಯುವವರು ಜಾಸ್ತಿಯಾಗಿ ಬುಟ್ಟಿಯೇ ಸಾಲಲಿಲ್ಲ! ಇನ್ನೊಂದು ಬಳಗ ವರ್ಲ್ಡ್ ಕಮ್ಯುನಿಟಿ ಗ್ರಿಡ್. 2004ರಲ್ಲಿ ಐಬಿಎಂ ಶುರು ಮಾಡಿದ್ದು, 2021ರಲ್ಲಿ ಕೆನಡಾದ ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಯ ಕೈಗೆ ಹೋಯಿತು. ಅದು ನಡೆಯುವುದು ಬೋಇಂಕ್ ಎಂಬ ಸಾಫ್ಟ್‌ವೇರಿನಲ್ಲಿ, ಅದನ್ನು ಮಾಡಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ.

ಫಲ ಸಿಕ್ಕಿದೆಯಾ ಎಂದರೆ, ಸಿಕ್ಕಿದೆ, ಆದರೆ ನಿಧಾನಕ್ಕೆ. ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿಗೆ ಸುಮಾರು 30 ಲಕ್ಷ ರಾಸಾಯನಿಕಗಳಲ್ಲಿ ಯಾವುದು ಪ್ರೋಟೀನಿನ ಮೇಲೆ ಸರಿಯಾಗಿ ಕೂರುತ್ತದೆ ಎಂದು ವರ್ಲ್ಡ್ ಕಮ್ಯುನಿಟಿ ಗ್ರಿಡ್‌ನಲ್ಲಿ ಜಾಲಾಡಿ, ಭರವಸೆ ಇರುವ 7 ಸಿಕ್ಕಿವೆ ಎಂದು ಜಪಾನಿನ ತಂಡವೊಂದು 2014ರಲ್ಲಿ ಹೇಳಿತು. ಸಿಕ್ಕಿದ್ದು ಔಷಧವಲ್ಲ, ಔಷಧವಾಗಬಹುದಾದ ವಸ್ತು. ಅಲ್ಲಿಂದ ಮೆಡಿಕಲ್ ಶಾಪಿನವರೆಗೆ ದೂರದ ದಾರಿ. ಇವತ್ತು ಕಂಪ್ಯೂಟರ್ ಕೊಟ್ಟರೆ ನಾಳೆ ಮಾತ್ರೆ ಬರುತ್ತದೆ ಎಂದುಕೊಂಡು ಸೇರಬೇಡಿ.

ಪ್ರಶ್ನೆ: ಕರೆಂಟು ಬಿಲ್ ಎಷ್ಟು ಬರಬಹುದು? ನಮ್ಮದು ಗೃಹಜ್ಯೋತಿ, ಈಗ ಸೊನ್ನೆ ಬಿಲ್. ಮತ್ತೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. (ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಂಪ್ಯೂಟರು ಸುಮ್ನೆ ಆನ್ ಇದ್ದಾಗ ಎಳೆಯುವ ಕರೆಂಟು ಬೇರೆ, ಪೂರಾ ಕೆಲಸ ಮಾಡುವಾಗ ಎಳೆಯುವುದು ಬೇರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಡೆಸ್ಕ್‌ಟಾಪು ಪೂರಾ ಕೆಲಸದಲ್ಲಿ 120 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ 8 ಗಂಟೆ ನಡೆಸಿದರೆ ತಿಂಗಳಿಗೆ 29 ಯೂನಿಟ್. ಹಗಲು ರಾತ್ರಿ ನಡೆಸಿದರೆ 86. ಮಕ್ಕಳು ಗೇಮ್ ಆಡುವ ದೊಡ್ಡ ಕಾರ್ಡ್ ಇರುವ ಯಂತ್ರ 350 ವ್ಯಾಟ್ ಎಳೆದರೆ ಹಗಲು ರಾತ್ರಿಗೆ ತಿಂಗಳಿಗೆ 252 ಯೂನಿಟ್.

ಈಗ ಗೃಹಜ್ಯೋತಿ. 200 ಯೂನಿಟ್ಟಿನವರೆಗೆ ಎಲ್ಲರಿಗೂ ಪುಕ್ಕಟೆ ಎಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. ನಿಮ್ಮ ಮನೆಯ 2022-23ರ ಸರಾಸರಿ, ಅದರ ಮೇಲೆ ಶೇಕಡಾ 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್), ಅಷ್ಟೇ ನಿಮ್ಮ ಪಾಲು. ಸರಾಸರಿ 80 ಇದ್ದರೆ 88. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ಮೆಸ್ಕಾಂ ಬಿಲ್ಲನ್ನು ತೆಗೆದು ನೋಡಿ, ನಿಮ್ಮ ಪಾಲಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಗಂಟೆ ಕೊಡಿ. ನನ್ನ ಸಲಹೆ: ಹೇಗೂ ಕಂಪ್ಯೂಟರ್ ಆನ್ ಇರುವ ಹೊತ್ತಿನಲ್ಲಿ ಮಾತ್ರ ನಡೆಸಿ. ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಅರ್ಧ ಶಕ್ತಿಯಲ್ಲಿ ಮಾತ್ರ ಎಂದೆಲ್ಲ ಬೋಇಂಕ್‌ನಲ್ಲಿ ಹೇಳಿಡಬಹುದು. ಅಟ್ಟದ ಮೇಲಿನ ಹಳೇ ಪೆಂಟಿಯಂ ಇಳಿಸಬೇಡಿ. ಅದು ಕರೆಂಟು ತಿನ್ನುವುದು ಜಾಸ್ತಿ, ಸುಲಿಯುವುದು ಕಡಿಮೆ. ಇದಕ್ಕೆಂದು ಹೊಸ ಕಂಪ್ಯೂಟರ್ ಕೊಳ್ಳುವುದಂತೂ ಬೇಡವೇ ಬೇಡ.

ಕರೆಂಟು ಹೋದರೆ ಮಾಡಿದ್ದೆಲ್ಲ ಹಾಳಾಗುವುದಿಲ್ಲ. ಸಾಫ್ಟ್‌ವೇರು ಆಗಾಗ ಗುರುತು ಹಾಕಿಕೊಳ್ಳುತ್ತದೆ, ಬಂದ ಮೇಲೆ ಅಲ್ಲಿಂದ ಮುಂದುವರಿಸುತ್ತದೆ. ಆದರೆ ಬುಟ್ಟಿಗೆ ಗಡುವು ಇರುತ್ತದೆ. ನಿಮ್ಮೂರಿನಲ್ಲಿ ಮೂರು ದಿನ ಕರೆಂಟು ಇಲ್ಲವೆಂದರೆ ಆ ಬುಟ್ಟಿ ಬೇರೆಯವರಿಗೆ ಹೋಗಬಹುದು. ಫೋಲ್ಡಿಂಗ್‌ನಲ್ಲಿ ಒಂದು ಬುಟ್ಟಿ ವಾಪಸ್ ಬಂದ ಮೇಲೇ ಅದರ ಮುಂದಿನದು ತಯಾರಾಗುತ್ತದೆ, ಹಾಗಾಗಿ ತಡ ಮಾಡಿದಷ್ಟೂ ಆ ಸಾಲು ನಿಲ್ಲುತ್ತದೆ. ಆಷಾಢದಲ್ಲಿ ರಜೆ ಹಾಕುವುದು ವಾಸಿ.

ಇನ್ವರ್ಟರ್ ಇರುವವರು ಒಂದು ವಿಷಯ ಗಮನಿಸಿ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಇದ್ದಾಗ ಈ ಕೆಲಸ ನಿಲ್ಲುವಂತೆ ಮಾಡಿಟ್ಟಿರುತ್ತಾರೆ. ಆದರೆ ಇನ್ವರ್ಟರ್ ಕರೆಂಟು ಲ್ಯಾಪ್‌ಟಾಪಿಗೆ ಗೋಡೆಯ ಕರೆಂಟಿನಂತೆಯೇ ಕಾಣುತ್ತದೆ. ಅದು ನಿಲ್ಲಿಸುವುದಿಲ್ಲ. ಲೈಟು ಉರಿಯಬೇಕಾದ ಬ್ಯಾಟರಿಯನ್ನು ಪ್ರೋಟೀನು ತಿಂದುಹಾಕುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಊಟದ ಮಧ್ಯೆ ಕತ್ತಲಾದಾಗಲೇ ನನಗೆ ಇದು ಗೊತ್ತಾಗಿದ್ದು.

ಸಿಡಿಲಿನ ಬಗ್ಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ. ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ. ಫೈಬರ್ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಸರಿ. ಆದರೆ ಮೋಡೆಮಿಗೆ ಕರೆಂಟು ಕೊಡುವ ಅಡಾಪ್ಟರಿನಲ್ಲಿ, ಮೋಡೆಮಿನಿಂದ ಕಂಪ್ಯೂಟರಿಗೆ ಬರುವ ತಾಮ್ರದ ತಂತಿಯಲ್ಲಿ ಹರಿಯುತ್ತದೆ.

ಒಂದೇ ಒಂದು ಲಾಭ ಇದೆ. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸುವ ತಿಂಗಳುಗಳಲ್ಲಿ ಮುಚ್ಚಿಟ್ಟ ಕಂಪ್ಯೂಟರಿಗೂ ಬೂಷ್ಟು ಹಿಡಿಯುತ್ತದೆ. ಕೆಲಸ ಮಾಡುವ ಯಂತ್ರ ಬೆಚ್ಚಗಿರುತ್ತದೆ, ತೇವ ಕೂರುವುದಿಲ್ಲ. ರಜೆಯಲ್ಲೂ ದಿನಕ್ಕೊಂದು ಗಂಟೆ ಹಚ್ಚಿಡಿ.

ಪ್ರಶ್ನೆ: ಮಂಗನ ಕಾಯಿಲೆಗೆ ಇಂಥ ಕೆಲಸ ಆಗುತ್ತದಾ? ಆಗುವುದಾದರೆ ನಮ್ಮೂರಿನವರೆಲ್ಲ ಕೊಡುತ್ತೇವೆ. (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ಕಡೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಂಡಿದ್ದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ, ನಮ್ಮ ಜಿಲ್ಲೆಯ ಕಾಡಿನ ಹೆಸರನ್ನೇ ವೈದ್ಯಕೀಯ ಪುಸ್ತಕಗಳಿಗೆ ಸೇರಿಸಿದ ಕಾಯಿಲೆ. ಅದರ ವೈರಸ್ಸು ಫ್ಲೇವಿವೈರಸ್ ಎಂಬ ಕುಟುಂಬದ್ದು. ಡೆಂಗಿ, ಝಿಕಾ ಎರಡೂ ಅದೇ ಮನೆತನ. ಈ ದಾಯಾದಿಗಳ ಮೇಲೆ ಮನೆ ಕಂಪ್ಯೂಟರುಗಳು ದುಡಿದಿವೆ: 2007ರಲ್ಲಿ ಟೆಕ್ಸಾಸಿನ ವೈದ್ಯಕೀಯ ವಿಶ್ವವಿದ್ಯಾಲಯವೊಂದು ಡೆಂಗಿ ಔಷಧ ಹುಡುಕಲು ವರ್ಲ್ಡ್ ಕಮ್ಯುನಿಟಿ ಗ್ರಿಡ್ ಬಳಸಿತು. 2016ರಲ್ಲಿ ಬ್ರೆಜಿಲಿನವರ ಮುಂದಾಳತ್ವದಲ್ಲಿ ಝಿಕಾದ್ದು ಶುರುವಾಯಿತು.

ಆದರೆ ಯಾವ ಕಾಯಿಲೆಯ ಬುಟ್ಟಿ ಬರಬೇಕು ಎಂದು ತೀರ್ಮಾನಿಸುವವರು ನಾವಲ್ಲ, ಸಂಶೋಧಕರು. ಮಂಗನ ಕಾಯಿಲೆಯ ಮಟ್ಟಿಗೆ ಕೊರತೆ ಇರುವುದು ಕಂಪ್ಯೂಟರಿನದ್ದು ಮಾತ್ರವೂ ಅಲ್ಲ. ಈ ವೈರಸ್ಸನ್ನು ಮುಟ್ಟಿ ಕೆಲಸ ಮಾಡಲು ಅತಿ ಭದ್ರವಾದ ಪ್ರಯೋಗಾಲಯ ಬೇಕು, ಪುಣೆಯ ವೈರಾಣು ಸಂಸ್ಥೆಯಲ್ಲಿ ಇರುವಂಥದ್ದು. ಕಂಪ್ಯೂಟರು ಹುಡುಕಿಕೊಟ್ಟದ್ದನ್ನು ಕೊನೆಗೆ ಅಲ್ಲಿ ಪರೀಕ್ಷಿಸಬೇಕು. ಊರಿನವರ ಉತ್ಸಾಹ ಇರಲಿ. ಆದರೆ ಬೇಸಿಗೆಯಲ್ಲಿ ದರಗು ತರಲು ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಉಣುಗು ಕಚ್ಚಿದೆಯಾ ನೋಡಿಕೊಳ್ಳಿ, ಸತ್ತ ಮಂಗ ಕಂಡರೆ ತಿಳಿಸಿ.

ಪ್ರಶ್ನೆ: ಪ್ರೋಟೀನಿನ ಆಕಾರವನ್ನು ಎಐ ಹೇಳಿಬಿಡುತ್ತದೆ ಎಂದು ನೊಬೆಲ್ ಕೊಟ್ಟಾಯಿತಲ್ಲ. ಇನ್ನೂ ಇದು ಯಾಕೆ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಒಳ್ಳೆ ಪ್ರಶ್ನೆ. 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಆಲ್ಫಾಫೋಲ್ಡ್ ಎಂಬ ಎಐ ಮಾಡಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಇದ್ದರು, ನಿಜ. ಮೂರನೆಯವರು ಡೇವಿಡ್ ಬೇಕರ್, 2005ರಲ್ಲಿ ಶುರುವಾದ, ಇಂಥದೇ ಮನೆ ಕಂಪ್ಯೂಟರುಗಳ ಯೋಜನೆ ರೊಸೆಟ್ಟಾ ಅಟ್ ಹೋಮ್ ಅವರ ಪ್ರಯೋಗಾಲಯದ್ದೇ. ಆಲ್ಫಾಫೋಲ್ಡ್ ಕೊಡುವುದು ಫೋಟೊ. ಫೋಲ್ಡಿಂಗ್ ಕೊಡುವುದು ವಿಡಿಯೊ. ಪ್ರೋಟೀನು ಸುಮ್ಮನೆ ಕೂರುವುದಿಲ್ಲ, ಅಲುಗಾಡುತ್ತಿರುತ್ತದೆ. ಅಲುಗಾಡುವಾಗ ಕ್ಷಣ ಮಾತ್ರ ತೆರೆದುಕೊಳ್ಳುವ ಸಂದಿಯಲ್ಲಿ ಔಷಧ ಕೂರಬಹುದು. ಆ ಸಂದಿ ಫೋಟೊದಲ್ಲಿ ಕಾಣದೆ ಹೋಗಬಹುದು.

ಪ್ರಶ್ನೆ: ಶಾಲೆಯ ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ, ರಾತ್ರಿ ಹಾಕಿಬಿಡಲಾ?

ಉತ್ತರ: ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ಅಮೆರಿಕದ ಕಾಲೇಜೊಂದರಲ್ಲಿ ಇಂಥದೇ ಸಾಫ್ಟ್‌ವೇರನ್ನು ಕೇಳದೆ ಹಾಕಿದ ಸಿಬ್ಬಂದಿಯೊಬ್ಬರ ಮೇಲೆ ಕೇಸಾಗಿ ದಂಡ ಬಿದ್ದದ್ದಿದೆ.

ಪ್ರಶ್ನೆ: ಮೋಸ ಇರಬಹುದಾ? ಬೇಡ ಎನಿಸಿದರೆ ನಿಲ್ಲಿಸುವುದು ಹೇಗೆ?

ಉತ್ತರ: ಸಾಫ್ಟ್‌ವೇರನ್ನು ಆಯಾ ಯೋಜನೆಯ ಸ್ವಂತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ, ವಾಟ್ಸಾಪಿನಲ್ಲಿ ಬಂದ ಲಿಂಕಿನಿಂದಲ್ಲ. ದುಡ್ಡು, ಒಟಿಪಿ, ಆಧಾರ್ ಕೇಳಿದರೆ ಅದು ಕಳ್ಳರದ್ದು. ನಿಮಗೆ ಅಂಕ ಸಿಗುತ್ತದೆ, ಅದು ಬರೀ ಖುಷಿಗೆ. ನಿಲ್ಲಿಸುವಾಗ ತಕ್ಷಣ ಕಿತ್ತುಹಾಕಬೇಡಿ. ಫೋಲ್ಡಿಂಗ್‌ನಲ್ಲಿ ‘ಫಿನಿಶ್’, ಬೋಇಂಕ್‌ನಲ್ಲಿ ‘ನೋ ನ್ಯೂ ಟಾಸ್ಕ್ಸ್’ ಒತ್ತಿ. ಕೈಲಿರುವ ಬುಟ್ಟಿ ಸುಲಿದು ಕೊಟ್ಟ ಮೇಲೆ ತೆಗೆದುಬಿಡಿ.