ಬಂಡೆ ಮೇಲೆ ಗಾಳ ಹಾಕುವವರಿಗೆ ಈಜು ಬಂದರಷ್ಟೇ ಸಾಲದು

ಪ್ರಶ್ನೆ: ನಮ್ಮವರಿಗೆ ಗಾಳದ ಹುಚ್ಚು. ಭಾನುವಾರ ಬೆಳಿಗ್ಗೆ ಸೋಮೇಶ್ವರದ ಬಂಡೆಗೆ ಹೋದರೆ ಊಟದ ಹೊತ್ತಿಗೇ ಬರುವುದು. ಈಗ ಪಿಯುಸಿ ಓದುವ ಮಗನನ್ನೂ ಕರೆದುಕೊಂಡು ಹೋಗುತ್ತಾರೆ. ಮೊನ್ನೆ ತೆರೆ ಬಡಿದು ಸೊಂಟದವರೆಗೆ ಒದ್ದೆಯಾಗಿ ಬಂದರು. ಕೇಳಿದರೆ, ‘ನನಗೆ ಈಜು ಬರುತ್ತದೆ, ಸುಮ್ನೆ ಹೆದರಬೇಡ’ ಅನ್ನುತ್ತಾರೆ. ಹೇಗೆ ತಡೆಯಲಿ ಮೇಡಂ?
– ಓದುಗಿ, ಉಳ್ಳಾಲ

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಆದರೆ ಹೋಗಲೇಬೇಡಿ ಅಂದರೆ ಅವರು ಕೇಳಲಿಕ್ಕಿಲ್ಲ. ಕಾಪುವಿನಲ್ಲಿ ಗಾಳ ಹಿಡಿಯುವ ಅಣ್ಣಂದಿರ ನಡುವೆ ಬೆಳೆದವಳು ನಾನು. ಒಂದು ಮುರು ಮೀನು ಸಿಕ್ಕಿದ ಮನುಷ್ಯನನ್ನು ಮರುವಾರ ಮನೆಯಲ್ಲಿ ಕೂರಿಸುವುದು ಕಷ್ಟ. ಹೋಗುವುದಾದರೆ ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡೇ ಹೋಗಲಿ. ಇದೊಂದರಲ್ಲಿ ಪಟ್ಟು ಬಿಡಬೇಡಿ.

ಈಜಿನ ಮಾತು ಕೆರೆಗೆ ಸರಿ. ಬಂಡೆಯಿಂದ ಬಿದ್ದವರನ್ನು ತೆರೆ ಮತ್ತೆ ಅದೇ ಬಂಡೆಗೆ ಬಡಿಯುತ್ತದೆ. ತಲೆಗೆ ಪೆಟ್ಟಾದರೆ ಈಜುವುದು ಯಾರು? ಕೈಕಾಲು ಆಡದಿದ್ದರೂ ತೇಲಿಸುವುದು ಜಾಕೆಟ್. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಸಾವುಗಳನ್ನು ತಡೆಯಲೆಂದೇ 2016ರಲ್ಲಿ ಕಾನೂನು ಮಾಡಿದರು. ಗುರುತಿಸಿದ ಜಾಗಗಳಲ್ಲಿ ಜಾಕೆಟ್ ಇಲ್ಲದೆ ಬಂಡೆ ಮೇಲೆ ಗಾಳ ಹಾಕಿದರೆ ದಂಡ. ನಾವು ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ ಅಲ್ವಾ?

ಅವರು ಒದ್ದೆಯಾಗಿ ಬಂದರು ಅಂದಿರಲ್ಲ, ಅದು ಬಹಳ ಮುಖ್ಯ. ಅವರು ನಿಂತ ಜಾಗಕ್ಕೆ ತೆರೆ ಬರುತ್ತದೆ ಅಂತ ಆಯಿತು. ದೊಡ್ಡ ತೆರೆಗಳು ಒಂದರ ಹಿಂದೆ ಒಂದು ಗುಂಪಾಗಿ ಬರುತ್ತವೆ, ನಡುವೆ ಸುಮಾರು ಹೊತ್ತು ಕಡಲು ತಣ್ಣಗಿರುತ್ತದೆ. ಹೋದ ತಕ್ಷಣ ಗಾಳ ಬಿಚ್ಚದೆ 20 ನಿಮಿಷ ಮೇಲೆ ನಿಂತು ನೋಡಲಿ. ಒದ್ದೆ ಇರುವ, ಪಾಚಿ ಕಟ್ಟಿದ ಬಂಡೆಗೆ ಇಳಿಯಲೇಬಾರದು. ಹವಾಯಿ ಚಪ್ಪಲಿಯಂತೂ ಬೇಡವೇ ಬೇಡ.

ಇನ್ನೊಂದು ಗಳಿಗೆಗೆ ನನಗೆ ತುಂಬಾ ಭಯ. ಗಾಳ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಎಳೆದರೆ ಬರುವುದಿಲ್ಲ. ಬಿಡಿಸಲಿಕ್ಕೆ ಅಂತ ಎರಡು ಹೆಜ್ಜೆ ಕೆಳಗೆ ಇಳಿಯುತ್ತಾರೆ, ಬಗ್ಗುತ್ತಾರೆ, ಬೆನ್ನು ಕಡಲಿಗೆ. ತೆರೆ ಬಂದದ್ದೇ ಕಾಣುವುದಿಲ್ಲ. ಸೊಂಟದಲ್ಲಿ ಒಂದು ಚೂರಿ ಇರಲಿ, ತಂಗೂಸು, ಅಂದರೆ ಗಾಳದ ದಾರ, ಕತ್ತರಿಸಿ ಬಿಡಲಿ. ಹೋದರೆ ಒಂದು ಕೊಕ್ಕೆ ಹೋಯಿತು.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ಮೀನಿಗೆ ರೇಟು ಜಾಸ್ತಿ, ಬಂಡೆಗೆ ಹೋಗುವ ಆಸೆಯೂ ಜಾಸ್ತಿ. ಆ ಎರಡು ತಿಂಗಳು ಮಾತ್ರ ನೀವು ಖಂಡಿತ ಬೇಡ ಅನ್ನಿ. ಹಾಗಂತ ಬಿಸಿಲಿದ್ದರೆ ಕಡಲು ಒಳ್ಳೆಯದಿರುತ್ತದೆ ಅಂತಲೂ ಅಲ್ಲ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆ ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬರುತ್ತದೆ, ಇಲ್ಲಿ ಗಾಳಿ ಇಲ್ಲದಿದ್ದರೂ. ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಶನಿವಾರ ರಾತ್ರಿ ಮಗನೇ ಮೊಬೈಲಿನಲ್ಲಿ ನೋಡಲಿ.

ಮಗನಿಗೆ ಹೇಳಬೇಕಾದ್ದು ಇನ್ನೂ ಇದೆ. ಅಪ್ಪ ಬಿದ್ದರೆ ಅವನು ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರೂ ಹೋದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟೋ ಇವೆ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಇಟ್ಟುಕೊಂಡಿರಲಿ, ಅದನ್ನು ಎಸೆದು 112ಕ್ಕೆ ಫೋನ್ ಮಾಡಲಿ. ಬಿದ್ದವರು ಅಲ್ಲೇ ಬಂಡೆ ಹತ್ತಲು ಹೆಣಗದೆ, ತೆರೆ ಒಡೆಯುವ ಜಾಗದಿಂದ ಹೊರಗೆ ಸರಿದು ತೇಲುತ್ತಾ ಕಾಯಬೇಕು.

ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಿರುಗಿಸುವುದು ಮಾಡಬೇಡಿ. ಉಸಿರು ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಆಂಬುಲೆನ್ಸ್ ಬರುವವರೆಗೆ ಹೀಗೇ. ಮೂವರೂ ಒಟ್ಟಿಗೆ ಹೋಗಿ ಇದನ್ನು ಗೊತ್ತಿದ್ದವರಿಂದ ಕಲಿತು ಬನ್ನಿ.