ಎಸ್ಎಸ್ಎಲ್‌ಸಿಯಲ್ಲಿ ಅಂಕ ಕಡಿಮೆ ಬಂದರೆ ಎಂಜಿನಿಯರಿಂಗ್ ಸೀಟಿಗೆ ತೊಂದರೆಯೇ?

ಕರ್ನಾಟಕದಲ್ಲಿ ಸಿಇಟಿ ಮೂಲಕ ಹೋಗುವುದಾದರೆ ತೊಂದರೆಯಿಲ್ಲ. ರ‍್ಯಾಂಕಿನ ಲೆಕ್ಕಕ್ಕೆ ಹತ್ತನೇ ತರಗತಿಯ ಅಂಕ ಬರುವುದೇ ಇಲ್ಲ.

ನೋಡಬೇಕಾದದ್ದು ಪಿಯುಸಿ. ಭೌತಶಾಸ್ತ್ರ, ಗಣಿತ ಮತ್ತು ರಸಾಯನಶಾಸ್ತ್ರದಂಥ ಒಂದು ಐಚ್ಛಿಕ ವಿಷಯ ಸೇರಿ ಕನಿಷ್ಠ ಶೇ 45 ಇರಬೇಕು (ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಶೇ 40). ಆಮೇಲೆ ಪಿಯುಸಿಗೆ ಅರ್ಧ, ಸಿಇಟಿಗೆ ಅರ್ಧ ತೂಕ. ಪಿಯುಸಿಯಲ್ಲಿ ಶೇ 90, ಸಿಇಟಿಯಲ್ಲಿ 180ಕ್ಕೆ 90 ಬಂದರೆ 45 + 25, ಒಟ್ಟು 70. ಪಿಯುಸಿ ಶೇ 80ಕ್ಕೆ ಇಳಿದರೆ 5 ಅಂಕ ಹೋಯಿತು; ಅದನ್ನು ತುಂಬಿಕೊಳ್ಳಲು ಸಿಇಟಿಯಲ್ಲಿ 18 ಅಂಕ ಹೆಚ್ಚು ಬೇಕು. ‘ಸಿಇಟಿ ಕೋಚಿಂಗ್ ಸಾಕು, ಬೋರ್ಡ್ ಪರೀಕ್ಷೆ ಪಾಸಾದರೆ ಆಯ್ತು’ ಅನ್ನುವವರು ಸೋಲುವುದು ಇಲ್ಲೇ.

ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ ಹಾಗಲ್ಲ. ಅಲ್ಲಿ ಪಿಯುಸಿ ಅಂಕ ಬರೀ ಅರ್ಹತೆಗೆ: ಸಾಮಾನ್ಯ ವರ್ಗಕ್ಕೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇ 50.

ಎಸ್ಎಸ್ಎಲ್‌ಸಿ ಅಂಕ ನಿಜಕ್ಕೂ ಕೆಲಸಕ್ಕೆ ಬರುವುದು ಪಿಯು ಕಾಲೇಜು ಮತ್ತು ಡಿಪ್ಲೊಮಾ ಪ್ರವೇಶಕ್ಕೆ. ಹಾಗಂತ ಅಂಕಪಟ್ಟಿಯನ್ನು ಮರೆಯಬೇಡಿ: ಅದರಲ್ಲಿರುವ ಹೆಸರು, ಜನ್ಮದಿನಾಂಕ ಅರ್ಜಿಯ ಜೊತೆ ತಾಳೆಯಾಗದಿದ್ದರೆ ದಾಖಲೆ ಪರಿಶೀಲನೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.