ಪ್ರತಿಕ್ರಿಯೆ: ಫ್ರೆಂಚ್ ಓಪನ್‌ನಲ್ಲಿ ಅಂಪೈರ್ ಕೆಳಗಿಳಿದು ನೆಲ ನೋಡೋದು ಯಾಕೆ?

ಟೆನಿಸ್‌ನ ಫ್ರೆಂಚ್ ಓಪನ್‌ನಲ್ಲಿ ಚೆಂಡು ಎಲ್ಲಿ ಬಿತ್ತು ಅಂತ ಟಿವಿಯಲ್ಲಿ ಕಂಪ್ಯೂಟರ್ ಚಿತ್ರ ಬಂದರೂ ಅಂಪೈರ್ ಕುರ್ಚಿ ಇಳಿದು ಬಂದು ನೆಲಕ್ಕೆ ಬಗ್ಗುತ್ತಾರೆ, ಇದೇನು ನಾಟಕ ಅಂತ ಕೇಳಿದ್ದೀರಿ. ನಾಟಕ ಅಲ್ಲ. ಈ ಟೂರ್ನಿ ನಡೆಯುವ ಪ್ಯಾರಿಸ್‌ನ ರೋಲಾಂ ಗಾರೋಸ್ ಅಂಗಳದಲ್ಲಿ ಮೇಲೆ ಕಾಣುವ ಕೆಂಪು ಬರೀ ಇಟ್ಟಿಗೆ ಪುಡಿ, ಒಂದೆರಡು ಮಿಲಿಮೀಟರ್ ಅಷ್ಟೇ, ಅದರ ಕೆಳಗೆ ಸುಣ್ಣಕಲ್ಲಿನ ಪುಡಿಯನ್ನು ಒತ್ತಿ ಗಟ್ಟಿ ಮಾಡಿದ ಬಿಳಿ ಪದರ. ಚೆಂಡು ಬಿದ್ದ ಕಡೆ ಆ ಪುಡಿ ಸರಿದು ಉದ್ದುದ್ದ ಗುರುತು ಉಳಿಯುತ್ತದೆ. ಗುರುತಿಗೂ ಗೆರೆಗೂ ಮಧ್ಯೆ ಕೆಂಪು ಕಂಡರೆ ಔಟ್, ತಾಗಿದ್ದರೆ ಇನ್.

ಕಷ್ಟ ಇರೋದು ಸರಿಯಾದ ಗುರುತು ಹುಡುಕೋದರಲ್ಲಿ, ಯಾಕಂದ್ರೆ ಪಕ್ಕದಲ್ಲೇ ಹಳೆಯವೂ ಇರುತ್ತವೆ. ಅದಕ್ಕೇ ಆಟಗಾರರು ತಕ್ಷಣ ರಾಕೆಟ್‌ನಿಂದ ಸುತ್ತ ಗೆರೆ ಎಳೆಯುತ್ತಾರೆ. ತೀರ್ಪಿಗೆ ಮೊದಲೇ ಕಾಲಿಂದ ಅಳಿಸಿದರೆ ಪಾಯಿಂಟ್ ಬಿಟ್ಟುಕೊಟ್ಟ ಹಾಗೆ. ನೆಟ್ ದಾಟಿ ಎದುರಾಳಿ ಕಡೆ ಹೋಗಿ ನೋಡೋ ಹಾಗೂ ಇಲ್ಲ!

2025ರಿಂದ ಎಟಿಪಿಯ (ಪುರುಷರ ವೃತ್ತಿಪರ ಟೆನಿಸ್ ಸಂಘ) ಮಣ್ಣಿನ ಅಂಗಳದ ಟೂರ್ನಿಗಳಿಗೆ ಇನ್ ಅಥವಾ ಔಟ್ ಅಂತ ಯಂತ್ರವೇ ಹೇಳುವ ತೀರ್ಪು ಬಂತು. ಜಗಳವೇನೂ ನಿಲ್ಲಲಿಲ್ಲ. ಆ ವರ್ಷ ಮ್ಯಾಡ್ರಿಡ್‌ನಲ್ಲಿ ಜರ್ಮನಿಯ ಆಟಗಾರ ಜ್ವೆರೆವ್, ಯಂತ್ರ ಒಂದು ಹೇಳಿದರೆ ಗುರುತು ಇನ್ನೊಂದು ಹೇಳ್ತಿದೆ ಅಂತ ಫೋನ್ ತಂದು ನೆಲದ ಫೋಟೋ ತೆಗೆದರು, ಅದಕ್ಕೆ ಎಚ್ಚರಿಕೆಯನ್ನೂ ತಿಂದರು. ರೋಲಾಂ ಗಾರೋಸ್ ಮಾತ್ರ 2025ರಲ್ಲೂ ಗೆರೆ ನೋಡಿ ತೀರ್ಪು ಕೊಡುವ ಲೈನ್ ಜಡ್ಜ್‌ಗಳನ್ನು ಕೈಬಿಡಲಿಲ್ಲ. ನನಗಂತೂ ಅದೇ ಸರಿ ಅನ್ನಿಸುತ್ತೆ, ಕಣ್ಣೆದುರೇ ಸಾಕ್ಷಿ ಬಿದ್ದಿರುವಾಗ ಪರದೆ ನೋಡಿ ಒಪ್ಪಿಕೋ ಅಂದರೆ ಯಾರು ಸುಮ್ನೆ ಇರ್ತಾರೆ ಹೇಳಿ?